ಕೊಕ್ಕರೆಯ ಕೊಕ್ಕು, ಕ್ಯಾಮೆರಾದ ಕಣ್ಣು

ಕೊಕ್ಕರೆ ಬೆಳ್ಳೂರಿನ ಸುತ್ತಣ ಕೆರೆಗಳಲ್ಲಿ ಮೇಯುವ ಬಣ್ಣದ ಕೊಕ್ಕರೆಯು ಮೀನನ್ನು ಹುಡುಕುವುದು ಬಹುಮಟ್ಟಿಗೆ ಕಣ್ಣಿನಿಂದಲ್ಲ. ಅರೆತೆರೆದ ಕೊಕ್ಕನ್ನು ನೀರಿನಲ್ಲಿ ಅದ್ದಿ ಸ್ಪರ್ಶಕ್ಕಾಗಿ ಕಾಯುತ್ತದೆ. ಇದರ ಬಂಧುವಾದ ಅಮೆರಿಕದ ಕೊಕ್ಕರೆಯೊಂದು, ಮೀನು ತಗುಲಿದೊಡನೆ ಸೆಕೆಂಡಿನ 40ರಲ್ಲಿ ಒಂದು ಪಾಲಿನೊಳಗೆ ಕೊಕ್ಕು ಮುಚ್ಚುವುದೆಂದು 1963ರಲ್ಲಿ ವಿಜ್ಞಾನಿಗಳು ತಿಳಿಸಿದರು. ನಮ್ಮ ಬೆರಳಿಗಾದರೋ ಸುಮಾರು 5ರಲ್ಲಿ ಒಂದು ಪಾಲು ಬೇಕು! ಕಂಡ ಬಳಿಕ ಗುಂಡಿಯೊತ್ತಿದರೆ ನಮಗೆ ದೊರೆಯುವುದು ಮುಚ್ಚಿದ ಕೊಕ್ಕು ಮಾತ್ರ. ಆದುದರಿಂದ ಕೊಕ್ಕು ನೀರಿನಲ್ಲಿ ತೂಗಾಡುತ್ತಿರುವಾಗಲೇ ಒಂದರ ಹಿಂದೊಂದರಂತೆ ಚಿತ್ರಗಳನ್ನು ತೆಗೆಯತೊಡಗಬೇಕು.

ಬಿಳಿಯ ಗರಿ ಮತ್ತೊಂದು ತೊಡಕು. ಬಿಸಿಲಿನಲ್ಲಿ ಅದು ಬರಿಯ ಬಿಳುಪಾಗಿ ಮೂಡಿತೋ, ಅಳಿದುಹೋದ ಎಳೆಗಳನ್ನು ಯಾವ ಕಂಪ್ಯೂಟರೂ ಮರಳಿ ತಾರದು. ತಂದಂತೆ ತೋರಿದರೆ ಅದು ಕಲ್ಪನೆಯೇ ಸರಿ. ತುಸು ಕಪ್ಪಾಗಿ ತೆಗೆದ ಚಿತ್ರವನ್ನಾದರೆ ಅನಂತರ ಬೆಳಗಿಸಬಹುದು. ಕೊಕ್ಕರೆಯು ತಲೆಯೆತ್ತಿ ನಮ್ಮತ್ತ ನೋಡುತ್ತ ನಿಂತಿತೆಂದರೆ ಅದರ ಊಟ ಕೆಟ್ಟಿತೆಂದೇ ಅರ್ಥ. ಒಡನೆ ಹಿಂದೆ ಸರಿಯತಕ್ಕದ್ದು.