ಹಳೆಯ ಮನೆಗಳ ಜೀರ್ಣೋದ್ಧಾರ: ಕೋಲಾರ ಚಿನ್ನದ ಗಣಿ ಮತ್ತು ಬಂಗಾರಪೇಟೆಯ ನಿದರ್ಶನ

ಕೋಲಾರ ಚಿನ್ನದ ಗಣಿಯ ಕಟ್ಟಡಗಳನ್ನು ಕುರಿತು ಬರೆಯುವವರು ಸಾಮಾನ್ಯವಾಗಿ ಬಂಗಲೆಗಳ ವರ್ಣನೆಗೆ ತೊಡಗುತ್ತಾರೆ. ಕಡಿದಾದ ಹೆಂಚಿನ ಮಾಡು, ಕಿಟಕಿಯ ಮೇಲೆ ಚಾಚಿಕೊಂಡ ಮರದ ಪಟ್ಟಿಗಳ ಸೂರು, ಗೋಡೆಯೊಳಗಿನ ಅಗ್ಗಿಷ್ಟಿಕೆ, ಸುತ್ತಲಿನ ತೋಟ, ಇವೆಲ್ಲ ಚಿತ್ರಕ್ಕೆ ಒಪ್ಪುವ ಸಂಗತಿಗಳೇ ಸರಿ. ಆದರೆ ಅಲ್ಲಿಯ ಜನರಲ್ಲಿ ಬಹುಪಾಲು ಬಾಳಿದ್ದು ಬಂಗಲೆಗಳಲ್ಲಲ್ಲ, ಲೈನುಗಳಲ್ಲಿ. ಒಂದರ ಪಕ್ಕಕ್ಕೆ ಒಂದು ಅಂಟಿಕೊಂಡ ಸಣ್ಣ ಮನೆಗಳ ಸಾಲಿಗೆ ಅಲ್ಲಿ ಲೈನು ಎಂದು ಹೆಸರು. ಈ ಮನೆಗಳನ್ನೂ, ಅವುಗಳಷ್ಟೇ ವಯಸ್ಸಾದ ರಾಬರ್ಟ್‌ಸನ್‌ಪೇಟೆ ಮತ್ತು ಬಂಗಾರಪೇಟೆಯ ಬೀದಿಮನೆಗಳನ್ನೂ, ಕೈಯಲ್ಲಿ ಹೆಚ್ಚು ಹಣವಿಲ್ಲದ ಕುಟುಂಬವೊಂದು ವರ್ಷದಿಂದ ವರ್ಷಕ್ಕೆ ಹೇಗೆ ಉಳಿಸಿಕೊಳ್ಳಬಹುದೆಂಬುದೇ ಪ್ರಕೃತ ಲೇಖನದ ವಿಷಯ.

ಮೊದಲು ಈ ಮನೆಗಳ ಚರಿತ್ರೆಯನ್ನು ಸಂಕ್ಷೇಪವಾಗಿ ಹೇಳಬೇಕಾಗುತ್ತದೆ. ೧೮೮೦ರ ದಶಕದಲ್ಲಿ ಜಾನ್ ಟೇಲರ್ ಸಂಸ್ಥೆಯ ಆಡಳಿತದಲ್ಲಿ ಗಣಿಗಾರಿಕೆ ದೊಡ್ಡ ಪ್ರಮಾಣದಲ್ಲಿ ಆರಂಭವಾದಾಗ ಕೂಲಿಗಾರರಿಗೆ ದೊರೆತದ್ದು ಬಿದಿರಿನ ತಟ್ಟಿಯ ಗುಡಿಸಲು. ಕಾಲಕ್ರಮದಲ್ಲಿ ತಟ್ಟಿಯ ಜಾಗಕ್ಕೆ ಮಣ್ಣು, ಕಲ್ಲು, ಇಟ್ಟಿಗೆಗಳೂ ಮೇಲುಗಡೆಗೆ ತಗಡು ಅಥವಾ ಹೆಂಚೂ ಬಂದವು. ಮನೆ ಕಂಪನಿಯದಾದ್ದರಿಂದ ಅದರ ದುರಸ್ತಿಯೂ ಕಂಪನಿಯ ಹೊಣೆಯೆಂದೇ ಎಣಿಕೆಯಾಗಿತ್ತು. ೧೯೫೬ರಲ್ಲಿ ಗಣಿಗಳು ಮೈಸೂರು ಸರ್ಕಾರಕ್ಕೆ, ೧೯೬೨ರಲ್ಲಿ ಕೇಂದ್ರ ಸರ್ಕಾರಕ್ಕೆ, ೧೯೭೨ರಲ್ಲಿ ಭಾರತ್ ಗೋಲ್ಡ್ ಮೈನ್ಸ್ ಸಂಸ್ಥೆಗೆ ಸೇರಿದಾಗಲೂ ಈ ಎಣಿಕೆ ಬದಲಾಗಲಿಲ್ಲ. ೨೦೦೧ರ ಫೆಬ್ರವರಿ ೨೮ರಂದು ಗಣಿ ಮುಚ್ಚಿತು. ಸಂಬಳ ನಿಂತಿತು, ಹೆಂಚು ಒಡೆದರೆ ಹೇಳಿಕೊಳ್ಳಬಹುದಾಗಿದ್ದ ಕಛೇರಿಯೂ ಇಲ್ಲವಾಯಿತು. ಅನೇಕ ಕುಟುಂಬಗಳು ಮಾತ್ರ ಅದೇ ಮನೆಗಳಲ್ಲಿ ಉಳಿದವು. ಅಂದಿನಿಂದ ಮಾರಿಕುಪ್ಪಂ ರೈಲಿನಲ್ಲಿ ಬೆಳಗಿನ ಜಾವ ಬೆಂಗಳೂರಿಗೆ ಹೊರಟು ರಾತ್ರಿ ಹಿಂದಿರುಗುವವರ ದುಡಿಮೆಯೇ ಈ ಮನೆಗಳಿಗೆ ಆಧಾರ.

ಬಂಗಾರಪೇಟೆಯ ಸ್ಥಿತಿ ಸ್ವಲ್ಪ ಬೇರೆ. ಮೈಸೂರಿನ ಚೀಫ್ ಕಮಿಷನರ್ ಆಗಿದ್ದ ಲೆವಿನ್ ಬೌರಿಂಗ್‌ನ ಹೆಸರಿನಿಂದ ಹಿಂದೆ ಬೌರಿಂಗ್‌ಪೇಟೆ ಎನಿಸಿಕೊಂಡಿದ್ದ ಈ ಊರು ರೈಲಿನಿಂದ ಬೆಳೆದದ್ದು. ೧೮೯೪ರಲ್ಲಿ ಗಣಿಗೆ ಕವಲುದಾರಿ ಹಾಕಿದ ಮೇಲೆ ವ್ಯಾಪಾರವೂ ಹೆಚ್ಚಿತು. ಇಲ್ಲಿಯ ಮನೆಗಳಿಗೆ ಸ್ವಂತ ಒಡೆಯರುಂಟು. ಆದರೆ ಅಣ್ಣತಮ್ಮಂದಿರೊಳಗೆ ಪಾಲಾಗದೆ ಉಳಿದ ಮನೆ ಬೀಳುವ ರೀತಿಯೂ ಕಂಪನಿಯ ಮನೆ ಬೀಳುವ ರೀತಿಯೂ ಕೊನೆಗೆ ಒಂದೇ.

ಮನೆಯನ್ನು ಪೂರ್ತಿ ಕೆಡವಿ ಕಟ್ಟಲು ಸಾಧ್ಯವಿಲ್ಲದವನು ಏನು ಮಾಡಬೇಕು? ನಮ್ಮ ಅಭಿಪ್ರಾಯ ಇಷ್ಟೆ: ಮನೆ ಯಾವ ಕ್ರಮದಲ್ಲಿ ಕೆಡುತ್ತದೆಯೋ ಅದೇ ಕ್ರಮದಲ್ಲಿ ಅದನ್ನು ಸರಿಪಡಿಸಬೇಕು, ಮತ್ತು ಪ್ರತಿ ವರ್ಷದ ಕೆಲಸವೂ ಆ ವರ್ಷದ ಮಳೆಗೆ ಮುಂಚೆ ಮುಗಿಯುವಂಥದಾಗಿರಬೇಕು. ಸಾಧಾರಣವಾಗಿ ನಡೆಯುವುದು ಇದಕ್ಕೆ ವಿರುದ್ಧ. ಸ್ವಲ್ಪ ಹಣ ಸೇರಿದೊಡನೆ ಮುಂಗೋಡೆಗೆ ಬಣ್ಣ, ನೆಲಕ್ಕೆ ಹೊಳೆಯುವ ಬಿಲ್ಲೆ, ಬಾಗಿಲಿಗೆ ಹೊಸ ಹಲಗೆ ಬರುತ್ತವೆ. ಮನೆಗೆ ಬಂದವರ ಕಣ್ಣಿಗೆ ಬೀಳುವ ಭಾಗ ಅದಾದ್ದರಿಂದ ಇದು ಸಹಜವೇ. ಆದರೆ ಸೂರಿನಿಂದ ಇಳಿಯುವ ನೀರು ಎರಡು ಮಳೆಗಾಲಗಳಲ್ಲಿ ಆ ಬಣ್ಣವನ್ನೂ ಅದರ ಹಿಂದಿನ ಗಿಲಾವನ್ನೂ ಕೆಳಗಿಳಿಸುತ್ತದೆ.

ಆದ್ದರಿಂದ ಮೊದಲ ವರ್ಷ ಮಾಡಿನದು. ಕೋಲಾರ ಜಿಲ್ಲೆಯಲ್ಲಿ ಮಳೆ ಕಡಮೆ; ಆದರೆ ಅದರ ದೊಡ್ಡ ಪಾಲು ಆಗಸ್ಟ್‌ನಿಂದ ಅಕ್ಟೋಬರ್‌ವರೆಗೆ, ಕೆಲವೇ ದಿನಗಳಲ್ಲಿ ರಭಸವಾಗಿ ಬೀಳುತ್ತದೆ. ಜನವರಿಯಿಂದ ಮೇ ತಿಂಗಳವರೆಗೆ ಮಾಡಿನ ಮೇಲೆ ಕೆಲಸ ಮಾಡಲು ಬಿಡುವುಂಟು. ಮಂಗಳೂರು ಹೆಂಚಿನ ಮಾಡಾದರೆ ಹೆಂಚುಗಳನ್ನು ಒಂದೊಂದಾಗಿ ಬೆರಳ ಗೆಣ್ಣಿನಿಂದ ತಟ್ಟಿ ನೋಡಬೇಕು. ಗಂಟೆಯಂತೆ ಸದ್ದು ಮಾಡುವುದು ಗಟ್ಟಿ. ಬೊದ್ದು ಸದ್ದಿನದು ಬಿರುಕು ಬಿಟ್ಟದ್ದು ಅಥವಾ ನೀರು ಕುಡಿಯುವುದು. ನೂರು ಚದರಡಿಗೆ ಸುಮಾರು ೧೫೦ ಹೆಂಚು ಬೇಕಾಗುತ್ತವೆ. ಒಂದರ ತೂಕ ಎರಡು ಕಿಲೋಗ್ರಾಮಿಗೆ ಮೇಲ್ಪಟ್ಟದ್ದು. ಮೂರು ನೂರು ಕಿಲೋಗ್ರಾಮಿಗೂ ಮಿಕ್ಕ ಈ ಭಾರವನ್ನು ಹೊತ್ತಿರುವುದು ಪಕಾಸಿಗಳು. ಹೀಗಾಗಿ ಹೆಂಚಿಗಿಂತ ಮರವನ್ನು ಪರೀಕ್ಷಿಸುವುದೇ ಮುಖ್ಯ. ಪಕಾಸಿ ನಡುವೆ ಕೆಡುವುದು ಅಪರೂಪ. ಗೋಡೆಯ ಮೇಲೆ ಕುಳಿತ ತುದಿಯಲ್ಲಿ, ತೇವ ಮತ್ತು ಗೆದ್ದಲು ಸೇರುವ ಸ್ಥಳದಲ್ಲಿ, ಅದು ಕೆಡುತ್ತದೆ. ಅಲ್ಲಿ ಚೂರಿಯ ಮೊನೆ ಸಲೀಸಾಗಿ ಇಳಿದರೆ ಆ ತುದಿ ಹೋಯಿತೆಂದು ತಿಳಿಯಬೇಕು. ಆದರೆ ಇಡೀ ಮರವನ್ನು ಎಸೆಯಬೇಕಾಗಿಲ್ಲ. ಕೆಟ್ಟ ತುದಿಯನ್ನು ಕೊಯ್ದು, ಪಕ್ಕಕ್ಕೆ ಹೊಸ ತುಂಡನ್ನು ಜೋಡಿಸಿ ಬೋಲ್ಟು ಬಿಗಿದರೆ ಹಳೆಯ ಮರ ಇನ್ನೊಂದು ತಲೆಮಾರು ಬಾಳಬಲ್ಲದು. ಬಡಗಿಯ ಎರಡು ದಿನದ ಕೂಲಿಯಲ್ಲಿ ಆಗುವ ಈ ಕೆಲಸವನ್ನು ಬಿಟ್ಟು ಮಾಡನ್ನೇ ತೆಗೆಸಿ ತಗಡು ಹಾಕಿಸುವವರುಂಟು. ತಗಡು ಅಗ್ಗವೆಂಬುದು ನಿಜ. ಆದರೆ ಏಪ್ರಿಲ್ ತಿಂಗಳಲ್ಲಿ ತಗಡಿನ ಕೆಳಗೆ ಹಗಲು ಮಲಗಬೇಕಾದವನ, ಅದರಲ್ಲಿಯೂ ಗಣಿಯ ಧೂಳಿನಿಂದ ಶ್ವಾಸಕೋಶ ಕೆಟ್ಟ ಮುದುಕನ, ಕಷ್ಟ ಲೆಕ್ಕಕ್ಕೆ ಬರುವುದಿಲ್ಲ. ಆಸ್ಬೆಸ್ಟಾಸ್ ಷೀಟುಗಳಿರುವಲ್ಲಿ ಅವುಗಳನ್ನು ಕೊಯ್ಯುವುದಾಗಲಿ ಕೊರೆಯುವುದಾಗಲಿ ಬೇಡ. ಆ ಪುಡಿ ಪ್ರಾಣಕ್ಕೆ ಅಪಾಯಕರ.

ಕೆಲಸವನ್ನು ಅರ್ಧಕ್ಕೆ ನಿಲ್ಲಿಸುವ ಭಯವಿದ್ದರೆ ಒಂದು ಕೋಣೆಯ ಮೇಲಿನ ಒಂದು ಇಳಿಜಾರನ್ನು ಮಾತ್ರ ಬಿಚ್ಚಬೇಕು. ಅದನ್ನು ಮುಚ್ಚಿದ ಮೇಲೆಯೇ ಮುಂದಿನದು. ಬಿಚ್ಚಿದ ಮಾಡಿನ ಮೇಲೆ ಬೀಳುವ ಒಂದೇ ಮುಂಗಾರಿನ ಮಳೆ ಮಣ್ಣಿನ ಗೋಡೆಗೆ ಮಾಡುವ ಹಾನಿಯನ್ನು ಹತ್ತು ವರ್ಷ ಸೋರಿದ ಹಳೆಯ ಮಾಡೂ ಮಾಡಿರುವುದಿಲ್ಲ.

ಬೀದಿಮನೆಗಳಲ್ಲಿ ಮದರಾಸು ತಾರಸಿ ಕಾಣಬರುತ್ತದೆ. ಮರದ ಜಂತಿಗಳ ಮೇಲೆ ತೆಳು ಇಟ್ಟಿಗೆಯನ್ನು ಅಂಚುಮೇಲಾಗಿ ಸುಣ್ಣದ ಗಾರೆಯಲ್ಲಿ ಜೋಡಿಸಿ, ಮೇಲೆ ಇಟ್ಟಿಗೆ ಜಲ್ಲಿ ಸುಣ್ಣಗಳನ್ನು ಬಡಿದು ಗಟ್ಟಿಮಾಡಿದ ತಾರಸಿ ಇದು. ಸೋರಿದರೆ ಅದರ ಮೇಲೆ ಕಾಂಕ್ರೀಟು ಹಾಕಿಸುವ ರೂಢಿ ಹರಡಿದೆ. ಇದು ಅಪಾಯಕರವೆಂದು ಸ್ಪಷ್ಟವಾಗಿ ಹೇಳಬೇಕು. ಸೋರಿಕೆಯಿಂದ ಈಗಾಗಲೇ ಕೊಳೆತ ಜಂತಿಯ ಮೇಲೆ ಇನ್ನಷ್ಟು ಭಾರವನ್ನು ಹೇರಿದಂತಾಗುತ್ತದೆ. ಹಳ್ಳಿಯ ಕಡೆಗೆ ಸಾಮಾನ್ಯವಾದ ಕಲ್ಲುಚಪ್ಪಡಿಯ ಮಾಡು ಸೋರುವುದು ಸಂದುಗಳಲ್ಲಿ ಮಾತ್ರ, ಅದನ್ನು ತುಂಬುವುದು ಸುಲಭ. ಆದರೆ ಚಪ್ಪಡಿ ನಡುಮಧ್ಯೆ ಬಿರಿದಿದ್ದರೆ ಆ ದಿನವೇ ಕೆಳಗೆ ಕಂಬ ನಿಲ್ಲಿಸಬೇಕು. ಮರ ಬಾಗಿ ಎಚ್ಚರಿಸುತ್ತದೆ, ಕಲ್ಲು ಎಚ್ಚರಿಸುವುದಿಲ್ಲ.

ಮಾಡಾದ ಮೇಲೆ ಗೋಡೆಯ ಬುಡ. ದಶಕಗಳಿಂದ ಮೇಲೆದ್ದ ಬೀದಿಯ ಮಟ್ಟ ಎಷ್ಟೋ ಕಡೆ ಮನೆಯ ಹೊಸ್ತಿಲನ್ನು ಮುಟ್ಟಿದೆ. ಗೋಡೆಗೆ ಒರಗಿದ ಮಣ್ಣನ್ನು ಅಗೆದು ತೆಗೆದು, ನೀರು ಹೊರಗೆ ಹರಿಯುವಂತೆ ಇಳಿಜಾರು ಮಾಡಿ, ಒಂದು ಸಣ್ಣ ಚರಂಡಿ ತೋಡಿದರೆ ಸಾಕು. ಮನೆಯವರೇ ಎರಡು ಭಾನುವಾರಗಳಲ್ಲಿ ಮಾಡಿಕೊಳ್ಳಬಹುದಾದ ಇದಕ್ಕೆ ಸಮನಾದ ಲಾಭವನ್ನು ಬೇರಾವ ಖರ್ಚೂ ಕೊಡಲಾರದು.

ಗೋಡೆಯ ಗಿಲಾವಿನ ವಿಷಯದಲ್ಲಿ ಮೇಸ್ತ್ರಿಗಳಿಗೂ ನಮಗೂ ಅಭಿಪ್ರಾಯಭೇದವುಂಟು. ಅವರು ಸಿಮೆಂಟನ್ನು ಬಯಸುತ್ತಾರೆ. ಬೇಗ ಗಟ್ಟಿಯಾಗುತ್ತದೆ, ಮರುದಿನವೇ ಬೇರೆ ಕೆಲಸಕ್ಕೆ ಹೋಗಬಹುದು. ಆದರೆ ಮಣ್ಣು ಮತ್ತು ಸುಣ್ಣದಲ್ಲಿ ಕಟ್ಟಿದ ಹಳೆಯ ಗೋಡೆ ನೆಲದಿಂದ ತೇವವನ್ನು ಸದಾ ಹೀರಿಕೊಂಡು ಮೈಯಿಂದ ಗಾಳಿಗೆ ಬಿಡುತ್ತಿರುತ್ತದೆ. ಹೊರಮೈಯನ್ನು ಸಿಮೆಂಟಿನಿಂದ ಮುಚ್ಚಿದೊಡನೆ ತೇವಕ್ಕೆ ದಾರಿಯಿಲ್ಲದೆ ಅದು ಒಳಗೇ ನಿಂತು ಮೇಲಕ್ಕೇರುತ್ತದೆ. ಗೋಡೆಗೆ ಉಪ್ಪು ಹತ್ತಿ, ಮೂರು ನಾಲ್ಕು ವರ್ಷಗಳಲ್ಲಿ ಸಿಮೆಂಟಿನ ಪದರ ಹಲಗೆಯಂತೆ ಕಳಚಿಬೀಳುವಾಗ ಹಿಂದಿನ ಮಣ್ಣನ್ನೂ ಕಿತ್ತುಕೊಂಡು ಬರುತ್ತದೆ. ಸುಣ್ಣದ ಗಾರೆ ಹಾಗಲ್ಲ. ಚೆನ್ನಾಗಿ ನೆನೆಸಿ ಕೊಳೆಯಿಸಿದ ಸುಣ್ಣ ಒಂದು ಪಾಲು, ಶುದ್ಧವಾದ ಮರಳು ಮೂರು ಪಾಲು. ಗಾಳಿಯ ಅಂಗಾರಾಮ್ಲವನ್ನು ಹೀರುತ್ತ ನಿಧಾನವಾಗಿ ಕಲ್ಲಾಗುತ್ತದೆ, ತೇವಕ್ಕೂ ದಾರಿ ಬಿಡುತ್ತದೆ. ಕೆಲವು ದಿನ ನೀರು ಚಿಮುಕಿಸಿ ನೆರಳು ಕಟ್ಟಬೇಕು. ಬಿಸಿಲಿಗೆ ಒಣಗಿಸಿದರೆ ಪುಡಿಯಾಗುತ್ತದೆ. ಹಿಂದೆ ಎತ್ತು ಕಟ್ಟಿ ಗಾಣದಲ್ಲಿ ಗಾರೆ ಅರೆದು, ಬೆಲ್ಲವನ್ನೂ ಅಳಲೆಕಾಯಿಯ ರಸವನ್ನೂ ಬೆರೆಸುತ್ತಿದ್ದರು. ಅಷ್ಟು ಇಂದು ಸಾಧ್ಯವಾಗದಿದ್ದರೆ ನಷ್ಟವೇನೂ ಇಲ್ಲ. ಅವಸರ ಮಾಡದಿದ್ದರೆ ಸಾಕು.

ಮರಳಿನ ಮಾತು ಬಂದದ್ದರಿಂದ ಒಂದು ಎಚ್ಚರಿಕೆ. ಚಿನ್ನವನ್ನು ತೆಗೆದ ಮೇಲೆ ಉಳಿದ ಹಿಟ್ಟು ಸಯನೈಡ್ ದಿಬ್ಬಗಳೆಂಬ ಹೆಸರಿನ ೧೩ ಗುಡ್ಡೆಗಳಾಗಿ ಊರಿನ ನಡುವೆಯೇ ನಿಂತಿದೆ. ಪುಕ್ಕಟೆಯಾಗಿ ಕಣ್ಣೆದುರು ಬಿದ್ದಿರುವ ಈ ಪುಡಿಯನ್ನು ಗಾರೆಗೆ ಬೆರೆಸುವ ಆಸೆ ಹುಟ್ಟುವುದು ಸಹಜ. ಗಾರೆಗೆ ಬೇಕಾದದ್ದು ದಪ್ಪ ಸಣ್ಣ ಕಣಗಳು ಬೆರೆತ ಮರಳು. ಈ ನುಣ್ಣನೆಯ ಹಿಟ್ಟು ಆ ಕೆಲಸಕ್ಕೆ ಬಾರದು. ಮೇಲಾಗಿ ಇದರಲ್ಲಿರುವ ಸಿಲಿಕದ ಧೂಳು ಎದೆಗೆ ಒಳ್ಳೆಯದಲ್ಲ. ಗಾಳಿಯ ತಿಂಗಳುಗಳಲ್ಲಿ ಹೆಂಚಿನ ಸಂದುಗಳಿಂದ ಇದು ಒಲೆಯವರೆಗೂ ಬರುತ್ತದೆ. ಆದ್ದರಿಂದ ಹಣ ಮಿಕ್ಕಿದರೆ ಹೆಂಚಿನ ಕೆಳಗೆ ಹಲಗೆಯ ಅಥವಾ ಬಟ್ಟೆಯ ಮೇಲ್ಕಟ್ಟನ್ನು ಹಾಕಿಸುವುದು ಇಲ್ಲಿ ಶೋಭೆಯ ಮಾತಲ್ಲ, ಆರೋಗ್ಯದ ಮಾತು.

ಬಿರುಕುಗಳ ಪ್ರಶ್ನೆ ಗಣಿಯ ಊರಿಗೆ ವಿಶಿಷ್ಟವಾದದ್ದು. ಚಾಂಪಿಯನ್ ರೀಫ್ ಗಣಿ ಮೂರು ಕಿಲೋಮೀಟರಿಗೂ ಹೆಚ್ಚು ಆಳಕ್ಕೆ ಇಳಿದಿತ್ತು. ಅಷ್ಟು ಆಳದಲ್ಲಿ ಬಂಡೆ ಒತ್ತಡ ತಾಳದೆ ಸಿಡಿದಾಗ ಮೇಲಿನ ಮನೆಗಳೂ ನಡುಗಿದ್ದುಂಟು. ಗಣಿ ಮುಚ್ಚಿ ನೀರು ತುಂಬತೊಡಗಿದ ಮೇಲೂ ಸಣ್ಣ ಕಂಪನಗಳು ದಾಖಲಾಗಿವೆ. ಹೀಗಾಗಿ ಬಿರುಕು ಕಂಡೊಡನೆ ಗಾರೆ ತುಂಬುವುದು ವ್ಯರ್ಥ. ಮೊದಲು ಅದು ನಿಂತ ಬಿರುಕೋ ನಡೆಯುತ್ತಿರುವ ಬಿರುಕೋ ತಿಳಿಯಬೇಕು. ಬಿರುಕಿನ ಅಡ್ಡಕ್ಕೆ ಎರಡು ಕಡೆ ತೆಳುವಾದ ಗಾಜಿನ ಚೂರನ್ನು ಗಾರೆಯಿಂದ ಅಂಟಿಸಿ ಪಕ್ಕದಲ್ಲಿ ತಾರೀಖನ್ನು ಬರೆದಿಡಬೇಕು. ಒಂದು ವರ್ಷದವರೆಗೆ ಗಾಜು ಒಡೆಯದಿದ್ದರೆ ಅದು ಹಳೆಯ ಗಾಯ, ತುಂಬಬಹುದು. ಒಡೆದರೆ ತಳಪಾಯದಲ್ಲಿ ದೋಷವಿದೆ. ಬೇರೆ ಖರ್ಚುಗಳನ್ನೆಲ್ಲ ನಿಲ್ಲಿಸಿ ಬಲ್ಲ ಇಂಜಿನಿಯರಿಗೆ ತೋರಿಸಬೇಕು.

ವಿದ್ಯುತ್ತಿನ ತಂತಿಗಳ ಬಗ್ಗೆ ಹೆಚ್ಚು ಹೇಳಬೇಕಾದ್ದಿಲ್ಲ. ಶಿವನಸಮುದ್ರದಿಂದ ೧೯೦೨ರಲ್ಲಿಯೇ ವಿದ್ಯುತ್ತನ್ನು ಪಡೆದ ಊರಿದು. ಇಲ್ಲಿಯ ಹಳೆಯ ಮನೆಗಳಲ್ಲಿ ಮರದ ಪಟ್ಟಿಯೊಳಗಿನ ಬಟ್ಟೆ ಸುತ್ತಿದ ತಂತಿ ಇನ್ನೂ ಉಳಿದಿದ್ದರೆ ಮಾಡಿನ ಜೊತೆಯಲ್ಲಿ ಮೊದಲ ವರ್ಷವೇ ಅದನ್ನು ತೆಗೆಸಬೇಕು. ನೆಲ, ಬಾಗಿಲು, ಬಣ್ಣ ಕೊನೆಗೆ.

ಹಣದ ವ್ಯವಸ್ಥೆಯಲ್ಲಿ ತೊಡಕಿರುವುದು ಕಾಗದಪತ್ರದಲ್ಲಿ. ಲೈನುಮನೆಗಳ ಒಡೆತನದ ಪ್ರಶ್ನೆ ಗಣಿ ಮುಚ್ಚಿದ ಮೇಲೆ ಬಹುಕಾಲ ಎಳೆದಾಡಿತು. ಹಕ್ಕುಪತ್ರವಿಲ್ಲದ ಮನೆಯ ಮೇಲೆ ಬ್ಯಾಂಕು ಸಾಲ ಕೊಡುವುದಿಲ್ಲ. ಉಳಿದದ್ದು ಚೀಟಿ, ಇಲ್ಲವೇ ಬಡ್ಡಿಯ ಸಾಲ. ಬಡ್ಡಿಯ ಸಾಲದಿಂದ ಮನೆ ರಿಪೇರಿ ಮಾಡಿಸಿದವನು ಮನೆಯನ್ನು ಉಳಿಸಿ ತಾನು ಮುಳುಗುತ್ತಾನೆ. ಚೀಟಿಯಾದರೆ ಕೂಗುವ ತಿಂಗಳನ್ನು ಮಳೆಯ ಪಂಚಾಂಗಕ್ಕೆ ಹೊಂದಿಸಿಕೊಳ್ಳಬೇಕು. ಫೆಬ್ರವರಿ ಮಾರ್ಚಿಯಲ್ಲಿ ಕೈಸೇರಿದ ಹಣ ಹೆಂಚಾಗುತ್ತದೆ. ದೀಪಾವಳಿಯಲ್ಲಿ ಸೇರಿದ್ದು ಸಾಮಾನ್ಯವಾಗಿ ಬಟ್ಟೆಯಾಗುತ್ತದೆ. ಸುಣ್ಣವನ್ನು ಮುಂಚಿತವಾಗಿ ಕೊಂಡು ಗುಂಡಿಯಲ್ಲಿ ನೆನೆಹಾಕಿದರೆ ಕೆಡುವುದಿಲ್ಲ, ಹಳತಾದಷ್ಟೂ ಒಳ್ಳೆಯದೇ. ಸಿಮೆಂಟನ್ನು ಹಾಗೆ ಕೂಡಿಡಲಾಗದು. ಕೆಡವಿದ ಮನೆಗಳ ಹೆಂಚು, ತೊಲೆ, ಬಾಗಿಲುಚೌಕಟ್ಟುಗಳು ಹೊಸ ಸಾಮಾನಿಗಿಂತ ಕಡಮೆ ಬೆಲೆಗೆ ದೊರೆಯುತ್ತವೆ, ಎಷ್ಟೋ ಸಲ ಹೆಚ್ಚು ಗಟ್ಟಿಯಾಗಿಯೂ ಇರುತ್ತವೆ. ಹೆಂಚಿನ ಹಿಂಬದಿಯಲ್ಲಿ ಒತ್ತಿರುವ ಕಾರ್ಖಾನೆಯ ಮುದ್ರೆಯನ್ನು ನೋಡಿ ಒಂದೇ ಅಚ್ಚಿನವನ್ನು ಆರಿಸಬೇಕು. ಅಚ್ಚು ಬೇರೆಯಾದರೆ ಒಂದಕ್ಕೊಂದು ಕಚ್ಚಿಕೊಳ್ಳುವುದಿಲ್ಲ.

ಇಷ್ಟನ್ನೂ ಮಾಡಿದವನಿಗೆ ಲೈನಿನಲ್ಲಿ ಮತ್ತೊಂದು ಕಷ್ಟ ಕಾದಿರುತ್ತದೆ. ಎರಡು ಮನೆಗಳಿಗೆ ಗೋಡೆ ಒಂದೇ, ಇಡೀ ಸಾಲಿಗೆ ಮಾಡು ಒಂದೇ. ಪಕ್ಕದವರು ಬೆಂಗಳೂರಿನಲ್ಲಿ ಬಾಡಿಗೆಮನೆ ಹಿಡಿದು ಇಲ್ಲಿ ಬೀಗ ಹಾಕಿ ಹೋಗಿರುತ್ತಾರೆ. ಬೀಗ ಹಾಕಿದ ಮನೆಯಲ್ಲಿ ಹೆಂಚು ಜಾರಿದ್ದನ್ನು ನೋಡುವವರಿಲ್ಲ, ಗೆದ್ದಲನ್ನು ಗುಡಿಸುವವರಿಲ್ಲ. ಆ ಕಡೆಯಿಂದ ನೆನೆದ ಗೋಡೆ ಈ ಕಡೆಯವನ ಹೊಸ ಗಿಲಾವನ್ನು ಕೆಡಿಸುತ್ತದೆ. ಆದ್ದರಿಂದ ಊರು ಬಿಡುವವರಿಂದ ಬೀಗದ ಕೈಯನ್ನು ಕೇಳಿ ಇಟ್ಟುಕೊಳ್ಳುವುದು, ವರ್ಷಕ್ಕೊಮ್ಮೆ ಮಳೆಗೆ ಮುಂಚೆ ಅವರ ಮಾಡನ್ನೂ ಹತ್ತಿ ನೋಡುವುದು, ಒಡೆದ ನಾಲ್ಕು ಹೆಂಚನ್ನು ತನ್ನ ಖರ್ಚಿನಲ್ಲಿಯೇ ಬದಲಾಯಿಸುವುದು, ಇವು ಲೈನುಮನೆಯವನ ಆಯವ್ಯಯದಲ್ಲಿ ಸೇರಲೇಬೇಕಾದ ಬಾಬುಗಳು.