ಒಂದೇ ಚಾರ್ಜಿಗೆ 340 ಕಿಲೋಮೀಟರ್

ಒಮ್ಮೆ ಚಾರ್ಜ್ ಮಾಡಿದರೆ 340 ಕಿಲೋಮೀಟರ್. ಶೋರೂಮಿನಲ್ಲಿ ಈ ಮಾತು ಕಿವಿಗೆ ಬಿದ್ದರೆ ಇಂದಿನ ಗಿರಾಕಿಯೂ ಪರವಾಗಿಲ್ಲ ಎನ್ನುತ್ತಾನೆ. ಆದರೆ ಇದು ನೂರು ವರ್ಷಕ್ಕೂ ಹಳೆಯ ಲೆಕ್ಕ. ಡೆಟ್ರಾಯಿಟ್ ಎಲೆಕ್ಟ್ರಿಕ್ ಎಂಬ ಅಮೆರಿಕದ ಕಾರು ಒಂದು ಪರೀಕ್ಷೆಯಲ್ಲಿ ನಡುವೆ ಎಲ್ಲೂ ಚಾರ್ಜ್ ಮಾಡಿಸಿಕೊಳ್ಳದೆ ಓಡಿದ್ದು 211.3 ಮೈಲಿ. ಜಾಹೀರಾತಿನಲ್ಲಿ ಕಂಪನಿ ಹೇಳಿಕೊಳ್ಳುತ್ತಿದ್ದದ್ದು ಬರೀ 80 ಮೈಲಿ! ವೇಗ ಮಾತ್ರ ಗಂಟೆಗೆ 20 ಮೈಲಿಯ ಆಸುಪಾಸು. ಅಂದಿನ ಊರೊಳಗಿನ ಬೀದಿಗಳಿಗೆ ಅದು ಧಾರಾಳವಾಯಿತು.

ಕಂಪನಿ ಕಟ್ಟಿದವನು ವಿಲಿಯಂ ಆಂಡರ್ಸನ್. ಮೂಲ ಕಸುಬು ಕುದುರೆ ಗಾಡಿ ತಯಾರಿಕೆ. ಮೊದಲ ವಿದ್ಯುತ್ ಕಾರು ಹೊರಬಂದದ್ದು 1907ರಲ್ಲಿ. ಆಗ ವಿದ್ಯುತ್ ಕಾರೆಂದರೆ ಯಾರಿಗೂ ವಿಚಿತ್ರವಲ್ಲ. ಅಮೆರಿಕದ 1900ರ ಗಣತಿಯಂತೆ ಆ ದೇಶದಲ್ಲಿ ತಯಾರಾದ 4,192 ಮೋಟಾರು ವಾಹನಗಳಲ್ಲಿ ವಿದ್ಯುತ್ತಿನವು 1,575, ಪೆಟ್ರೋಲಿನವು 936. ಉಳಿದವೆಲ್ಲ ಹಬೆಯವು.

ಪೆಟ್ರೋಲ್ ಕಾರಿಗೆ ಆಗ ಮುಂದೆ ನಿಂತು ಹ್ಯಾಂಡಲ್ ತಿರುವಬೇಕು. ಎಂಜಿನ್ ಹಿಂದಕ್ಕೆ ಒದ್ದರೆ ಮಣಿಕಟ್ಟೇ ಮುರಿಯುವ ಅಪಾಯ. ವಿದ್ಯುತ್ ಕಾರಿಗೆ ಆ ಗೋಳಿಲ್ಲ, ಹೊಗೆಯಿಲ್ಲ, ಗೇರಿನ ಕರ್ಕಶವಿಲ್ಲ. ಹತ್ತಿ ಕೂತು ಸನ್ನೆಗೋಲು ಸರಿಸಿದರೆ ಸಾಕು. ಸ್ವತಃ ಹೆನ್ರಿ ಫೋರ್ಡ್‌ನ ಹೆಂಡತಿ ಕ್ಲಾರಾ ಓಡಿಸುತ್ತಿದ್ದದ್ದು 1914ರ ಡೆಟ್ರಾಯಿಟ್ ಎಲೆಕ್ಟ್ರಿಕ್. ಇದಕ್ಕಿಂತ ದೊಡ್ಡ ಶಿಫಾರಸು ಯಾವ ಕಾರಿಗೂ ಸಿಕ್ಕಿರಲಾರದು ಎಂದೇ ನನ್ನ ನಂಬಿಕೆ.

ಸೋತದ್ದು ದೂರದಲ್ಲಲ್ಲ, ದುಡ್ಡಿನಲ್ಲಿ. ಎಡಿಸನ್‌ನ ನಿಕ್ಕಲ್-ಕಬ್ಬಿಣದ ಬ್ಯಾಟರಿ ಬೇಕೆಂದರೆ 600 ಡಾಲರ್ ಹೆಚ್ಚು ಕೊಡಬೇಕಿತ್ತು. 1914ರ ಹೊತ್ತಿಗೆ ಆ ಹೆಚ್ಚುವರಿ ಹಣದಲ್ಲೇ ಫೋರ್ಡ್‌ನ ಹೊಚ್ಚಹೊಸ ಮಾಡೆಲ್ ಟಿ ಕಾರೊಂದನ್ನು ಮನೆಗೆ ತಂದು ಚಿಲ್ಲರೆಯನ್ನೂ ಉಳಿಸಬಹುದಿತ್ತು. ಫೋರ್ಡ್‌ನ ಕಾರ್ಖಾನೆಯಲ್ಲಿ ಸಾಲುಜೋಡಣೆ ಬಂದಮೇಲೆ, ಹನ್ನೆರಡು ಗಂಟೆಗೂ ಮೀರಿದ್ದ ಒಂದು ಷಾಸಿಯ ಜೋಡಣೆ 93 ನಿಮಿಷಕ್ಕೆ ಇಳಿದಿತ್ತು. 1923ರೊಂದರಲ್ಲೇ ಅಲ್ಲಿ ತಯಾರಾದ ಕಾರುಗಳು 18 ಲಕ್ಷಕ್ಕೂ ಹೆಚ್ಚು. ಡೆಟ್ರಾಯಿಟ್ ಎಲೆಕ್ಟ್ರಿಕ್ ತನ್ನ 32 ವರ್ಷಗಳ ಆಯುಸ್ಸಿನಲ್ಲಿ ಕಟ್ಟಿದ್ದು ಸುಮಾರು 13,000. ಭಾಗಿಸಿ ನೋಡಿ: ಅಷ್ಟು ಕಾರು ಹೊರತರಲು ಆ ವರ್ಷದ ಫೋರ್ಡ್‌ಗೆ ಮೂರು ದಿನವೂ ಪೂರ್ತಿ ಬೇಕಿರಲಿಲ್ಲ.

ಅತ್ತ 1912ರಲ್ಲಿ ಕ್ಯಾಡಿಲಾಕ್ ಕಾರಿಗೆ ಸೆಲ್ಫ್ ಸ್ಟಾರ್ಟರ್ ಬಂದು ಹ್ಯಾಂಡಲ್ ತಿರುವುವ ಕಷ್ಟ ನೀಗಿತು. ಆ ಸ್ಟಾರ್ಟರ್ ಕೂಡ ವಿದ್ಯುತ್ ಮೋಟಾರೇ. ಇತ್ತ ಪಟ್ಟಣ ದಾಟಿದರೆ ಚಾರ್ಜಿಗೆ ದಿಕ್ಕಿಲ್ಲ: 1930ರ ದಶಕದ ನಡುವಿನಲ್ಲೂ ಅಮೆರಿಕದ ಹಳ್ಳಿಮನೆಗಳಲ್ಲಿ ಹತ್ತರಲ್ಲಿ ಒಂಬತ್ತಕ್ಕೆ ಕರೆಂಟೇ ಬಂದಿರಲಿಲ್ಲ.

1929ರ ಷೇರುಪೇಟೆ ಕುಸಿತದ ಬಳಿಕ ಕಂಪನಿ ದಿವಾಳಿಯೆದ್ದಿತು. ಆದರೂ ಯಾರಾದರೂ ಕೇಳಿದರೆ ಒಂದೊಂದಾಗಿ ಕಟ್ಟಿಕೊಡುವುದನ್ನು ಬಿಡಲಿಲ್ಲ. ಮಾಡೆಲ್ ಟಿ 1908ರಲ್ಲಿ ಶುರುವಾಗಿ, ಒಂದೂವರೆ ಕೋಟಿ ತಲುಪಿ, 1927ರಲ್ಲಿ ನಿಂತುಹೋಯಿತು. ಅದಕ್ಕಿಂತ ಒಂದು ವರ್ಷ ಮೊದಲು ಹುಟ್ಟಿದ್ದ ಡೆಟ್ರಾಯಿಟ್ ಎಲೆಕ್ಟ್ರಿಕ್ ತನ್ನ ಕೊನೆಯ ಕಾರನ್ನು ಗಿರಾಕಿಗೆ ಕೊಟ್ಟದ್ದು 1939ರಲ್ಲಿ, ಮಾಡೆಲ್ ಟಿ ಮುಗಿದು 12 ವರ್ಷಗಳಾದ ಮೇಲೆ.