ಕುಬುಸ ಮುಗಿದ ಮೇಲೆ ಬರೆಯಬೇಕಾದ ಒಂದು ಹಾಳೆ

ಬೀದರ್ ಜಿಲ್ಲೆಯ ಹಲಬರ್ಗಾ ಕಡೆ ಚೊಚ್ಚಲ ಬಸಿರಿಗೆ ಏಳು ತಿಂಗಳು ತುಂಬುತ್ತಿದ್ದಂತೆ ಮನೆಮಂದಿಯ ಮಾತೆಲ್ಲ ಕುಬುಸದ ಶಾಸ್ತ್ರದ ಸುತ್ತ ತಿರುಗತೊಡಗುತ್ತದೆ. ಹಸಿರು ಸೀರೆ ಯಾರು ತರಬೇಕು, ತವರಿನವರು ಯಾವ ವಾರ ಕರೆಯಲು ಬರಬೇಕು, ಬಾಣಂತನಕ್ಕೆ ಅಂಟು, ಉತ್ತತ್ತಿ, ಒಣಕೊಬ್ಬರಿ ಎಷ್ಟೆಷ್ಟು ತರಿಸಬೇಕು, ಎಲ್ಲಕ್ಕೂ ಲೆಕ್ಕವಿರುತ್ತದೆ. ಹೆಣ್ಣುಮಕ್ಕಳು ತಲೆಮಾರುಗಳಿಂದ ಕಲಿತು ಕಲಿಸಿದ ಅಚ್ಚುಕಟ್ಟಾದ ಯೋಜನೆ ಅದು. ಆದರೆ ರಾತ್ರಿ ಎರಡಕ್ಕೆ ಬೇನೆ ಶುರುವಾದರೆ ಯಾವ ದವಾಖಾನೆಗೆ, ಯಾವ ಗಾಡಿಯಲ್ಲಿ, ಯಾರ ಮಾತಿನ ಮೇಲೆ ಹೊರಡಬೇಕು ಎಂಬುದು ಮಾತ್ರ ಬಹಳಷ್ಟು ಮನೆಗಳಲ್ಲಿ ಆ ರಾತ್ರಿಯೇ, ಆ ಗಡಿಬಿಡಿಯಲ್ಲೇ ತೀರ್ಮಾನವಾಗುತ್ತದೆ. ಆ ತೀರ್ಮಾನವನ್ನು ಎರಡು ತಿಂಗಳು ಮೊದಲೇ, ಹಗಲು ಹೊತ್ತಿನಲ್ಲಿ, ಬಸುರಿಯನ್ನು ಎದುರಿಗೆ ಕೂರಿಸಿಕೊಂಡು ಮಾಡಿಬಿಡುವುದೇ ಹೆರಿಗೆ ಯೋಜನೆ.

ಈ ಹೆಸರಿನ ಹಾಳೆಯನ್ನು 1980ರ ಹೊತ್ತಿಗೆ ಜನಪ್ರಿಯಗೊಳಿಸಿದವರಲ್ಲಿ ಅಮೆರಿಕದ ಪೆನ್ನಿ ಸಿಮ್ಕಿನ್ ಮುಖ್ಯರು. ಅಲ್ಲಿನ ತಾಯಂದಿರಿಗೆ ಆಸ್ಪತ್ರೆ ದೂರವಿರಲಿಲ್ಲ. ಆಸ್ಪತ್ರೆಯೊಳಗೆ ತಮ್ಮನ್ನು ಕೇಳದೆ ಏನೇನೋ ನಡೆದುಹೋಗುತ್ತದೆ ಎಂಬುದು ಅವರ ಅಳಲು. ನಮ್ಮಲ್ಲಿ ಆ ಅಳಲೂ ಇದೆ, ಅದಕ್ಕೂ ಮೊದಲು ದಾರಿಯ ಚಿಂತೆಯಿದೆ. 2005ರಲ್ಲಿ ಜನನಿ ಸುರಕ್ಷಾ ಯೋಜನೆ ಬಂದಾಗ ಪ್ರತಿ ಬಸುರಿಗೂ ಒಂದು ಸೂಕ್ಷ್ಮ ಹೆರಿಗೆ ಯೋಜನೆ ಮಾಡಬೇಕೆಂದು ಆಶಾ ಕಾರ್ಯಕರ್ತೆ ಮತ್ತು ಆರೋಗ್ಯ ಸಹಾಯಕಿಗೆ ಹೊಣೆ ಕೊಡಲಾಯಿತು. ಹೆರಿಗೆಯ ಅಂದಾಜು ದಿನ ಯಾವುದು, ಹೆರಿಗೆ ಎಲ್ಲಿ, ತೊಡಕಾದರೆ ಮುಂದೆ ಎಲ್ಲಿಗೆ ಎಂಬುದನ್ನೆಲ್ಲ ಮೊದಲೇ ಗೊತ್ತು ಮಾಡಬೇಕೆಂಬುದು ಅದರ ತಿರುಳು. ಆ ಕೆಲಸ ರಿಜಿಸ್ಟರಿನ ಕಾಲಂ ತುಂಬುವಲ್ಲಿಗೆ ಮುಗಿಯಬಾರದು. ತಾಯಾಗುವವಳು ತಾನೇ ಕೂತು ಬರೆದಾಗ ಅದಕ್ಕೆ ಜೀವ ಬರುತ್ತದೆ.

ತಾಯಂದಿರು ಏಕೆ ಸಾಯುತ್ತಾರೆ ಎಂಬ ಪ್ರಶ್ನೆಗೆ ಸೆರೀನ್ ಥ್ಯಾಡಿಯಸ್ ಮತ್ತು ಡೆಬೊರಾ ಮೇನ್ ಎಂಬ ಇಬ್ಬರು ಸಂಶೋಧಕಿಯರು 1994ರಲ್ಲಿ ಕೊಟ್ಟ ಉತ್ತರ ಇಂದಿಗೂ ಹಳತಾಗಿಲ್ಲ. ಮೂರು ತಡಗಳು ಎಂದರು ಅವರು: ದವಾಖಾನೆಗೆ ಹೋಗೋಣ ಎಂದು ನಿರ್ಧರಿಸುವಲ್ಲಿ ತಡ, ತಲುಪುವಲ್ಲಿ ತಡ, ತಲುಪಿದ ಮೇಲೆ ತಕ್ಕ ಚಿಕಿತ್ಸೆ ಸಿಗುವಲ್ಲಿ ತಡ. ಮೊದಲನೆಯದು ಮನೆಯೊಳಗಿನದು. ಗಂಡ ದುಡಿಯಲು ಹೈದರಾಬಾದಿಗೋ ಪುಣೆಗೋ ಹೋಗಿದ್ದಾನೆ, ಫೋನು ಎತ್ತುತ್ತಿಲ್ಲ. ಮಾವ ಬೆಳಗಾಗಲಿ ಎನ್ನುತ್ತಾರೆ. ಅತ್ತೆಗೆ ತನ್ನ ಹೆರಿಗೆ ಮನೆಯಲ್ಲೇ ಆದ ನೆನಪು. ಯಾರಿಗೂ ಕೆಟ್ಟ ಮನಸ್ಸಿಲ್ಲ, ಆದರೂ ಹೊತ್ತು ಹೋಗುತ್ತದೆ. ಗಂಡ ಊರಲ್ಲಿಲ್ಲದಾಗ ಯಾರು ಹೊರಡಿಸಬೇಕು ಎಂದು ಒಂದು ಹೆಸರನ್ನು ಮೊದಲೇ ಬರೆದಿಟ್ಟರೆ ಈ ತಡದ ಬಹುಪಾಲು ಕರಗುತ್ತದೆ. ವಯಸ್ಸಿಗೆ ಬಂದ ಹೆಣ್ಣುಮಗಳು ತನ್ನ ಚಿಕಿತ್ಸೆಗೆ ತಾನೇ ಒಪ್ಪಿಗೆ ಕೊಡಬಹುದು. ಕಾನೂನು ಅದನ್ನು ಮಾನ್ಯ ಮಾಡುತ್ತದೆ.

ಹೊತ್ತಿಗೆ ಇಷ್ಟೊಂದು ಬೆಲೆ ಯಾಕೆ ಎಂಬುದಕ್ಕೆ ಉತ್ತರ ಗರ್ಭಕೋಶದ ರಕ್ತನಾಳಗಳಲ್ಲಿದೆ. ತುಂಬು ಗರ್ಭದ ಹೊತ್ತಿಗೆ ನಿಮಿಷಕ್ಕೆ ಅರ್ಧ ಲೀಟರಿಗೂ ಹೆಚ್ಚು ರಕ್ತ ಗರ್ಭಕೋಶಕ್ಕೆ ಹರಿಯುತ್ತಿರುತ್ತದೆ. ಕೂಸು ಹುಟ್ಟಿ ಮಾಸು ಕಳಚಿದಾಗ ಅದು ಅಂಟಿಕೊಂಡಿದ್ದ ಜಾಗದ ನಾಳಗಳೆಲ್ಲ ಬಾಯಿ ತೆರೆದುಕೊಂಡಿರುತ್ತವೆ. ಅವುಗಳ ಸುತ್ತ ಹೆಣೆದುಕೊಂಡ ಸ್ನಾಯುಗಳು ಬಿಗಿದು, ನಾಳಗಳನ್ನು ಹಿಂಡಿ ಮುಚ್ಚಬೇಕು. ಸ್ನಾಯು ಸೋತರೆ ರಕ್ತ ನಿಲ್ಲುವುದಿಲ್ಲ. ಆರೋಗ್ಯವಂತ ತಾಯಿಯೂ ಎರಡು ತಾಸಿನೊಳಗೆ ಪ್ರಾಣ ಬಿಡಬಹುದು. ಕೂಸು ಹುಟ್ಟಿದ ಕೂಡಲೇ ಕೊಡುವ ಆಕ್ಸಿಟೋಸಿನ್ ಚುಚ್ಚುಮದ್ದು ಆ ಸ್ನಾಯುಗಳನ್ನು ಬಿಗಿಸುವುದಕ್ಕೇ ಇರುವುದು. ಮೈಯಲ್ಲಿ ಮೊದಲೇ ರಕ್ತ ಕಡಿಮೆ ಇದ್ದವಳಿಗೆ ಸ್ವಲ್ಪ ಸ್ರಾವವೂ ಭಾರ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದ ಬಸುರಿಯರಲ್ಲಿ ಶೇ. 45ಕ್ಕೂ ಹೆಚ್ಚು ಮಂದಿಗೆ ರಕ್ತಹೀನತೆ ಇದೆ. ಹಾಗಾಗಿ ಹೆರಿಗೆ ಯೋಜನೆಯ ಮೊದಲ ಸಾಲಿನಲ್ಲಿ ರಕ್ತದ ಗುಂಪು ಮತ್ತು ಈಚಿನ ಹಿಮೋಗ್ಲೋಬಿನ್ ಅಂಕಿ ಇರಬೇಕು. ಕಬ್ಬಿಣದ ಮಾತ್ರೆಯನ್ನು ದಿನಕ್ಕೊಂದರಂತೆ 180 ದಿನ ತಪ್ಪದೆ ನುಂಗಿದ್ದಾಳೋ ಇಲ್ಲವೋ ಎಂಬುದನ್ನೂ ಬರೆಯಬೇಕು. ಸುಣ್ಣದ ಮಾತ್ರೆಯನ್ನು ಅದರ ಜೊತೆಗೇ ನುಂಗಿದರೆ ಕಬ್ಬಿಣ ಸರಿಯಾಗಿ ಮೈಗೆ ಹತ್ತುವುದಿಲ್ಲ. ಎರಡರ ನಡುವೆ ಕೆಲವು ತಾಸು ಬಿಡಬೇಕು.

ದವಾಖಾನೆ ಯಾವುದು? ಹಲಬರ್ಗಾ ಬೀದರ್–ಭಾಲ್ಕಿ ನಡುವಿನ ಊರು. ಒಂದು ಕಡೆ ಭಾಲ್ಕಿಯ ತಾಲ್ಲೂಕು ಆಸ್ಪತ್ರೆ, ಇನ್ನೊಂದು ಕಡೆ ಬೀದರಿನ ಬ್ರಿಮ್ಸ್ ಬೋಧಕ ಆಸ್ಪತ್ರೆ. ಔರಾದ್ ಕಡೆಯ ಹಳ್ಳಿಗಳಿಗೆ ಹೋಲಿಸಿದರೆ ಇದು ಅನುಕೂಲದ ಜಾಗವೇ. ಆದರೂ ಹತ್ತಿರದ್ದು ಯಾವುದು ಎಂದು ಕೇಳಿದರೆ ಸಾಲದು. ರಾತ್ರಿ ಹೊತ್ತು ಸಿಸೇರಿಯನ್ ಮಾಡುತ್ತಾರೆಯೇ, ಅರಿವಳಿಕೆ ವೈದ್ಯರು ಸಿಗುತ್ತಾರೆಯೇ, ರಕ್ತ ಅಲ್ಲೇ ಇದೆಯೇ ಅಥವಾ ಬೀದರಿನಿಂದ ತರಿಸಬೇಕೇ, ತೂಕ ಕಡಿಮೆಯ ಕೂಸಿಗೆ ಆರೈಕೆ ಇದೆಯೇ ಎಂದು ತಪಾಸಣೆಗೆ ಹೋದಾಗಲೇ ಕೇಳಿಕೊಂಡು ಬನ್ನಿ. ಕೇಳಿದರೆ ಯಾರೂ ಬೇಸರ ಮಾಡಿಕೊಳ್ಳಬಾರದು, ಮಾಡಿಕೊಂಡರೂ ನೀವು ಕೇಳುವುದನ್ನು ಬಿಡಬಾರದು. ಅದೇ ಸಮೀಕ್ಷೆಯಂತೆ ರಾಜ್ಯದ ಶೇ. 97ರಷ್ಟು ಹೆರಿಗೆಗಳು ಆಸ್ಪತ್ರೆಗಳಲ್ಲೇ ಆಗುತ್ತಿವೆ, ಶೇ. 31ಕ್ಕೂ ಹೆಚ್ಚು ಹೆರಿಗೆಗಳು ಸಿಸೇರಿಯನ್. ಖಾಸಗಿ ಆಸ್ಪತ್ರೆಗಳಲ್ಲಂತೂ ಅರ್ಧಕ್ಕಿಂತ ಹೆಚ್ಚು. ಸಿಸೇರಿಯನ್ ಬೇಕಾದವಳಿಗೆ ಅದು ಪ್ರಾಣದಾನ. ಯಾವ ಕಾರಣಕ್ಕೆ ಬೇಕೆಂದು ವಿವರಿಸಿ ಹೇಳಿ ಎಂದು ವೈದ್ಯರನ್ನು ಕೇಳುವ ಸಾಲೊಂದು ಯೋಜನೆಯಲ್ಲಿದ್ದರೆ ತಪ್ಪಿಲ್ಲ.

ತಾಯಿ ಕಾರ್ಡಿನಲ್ಲಿ ಬರೆದ ಹೆರಿಗೆಯ ದಿನವನ್ನು ಮದುವೆ ಮುಹೂರ್ತದಂತೆ ನಂಬಿ ಕೂರುವವರಿದ್ದಾರೆ. ಕೊನೆಯ ಮುಟ್ಟಿನ ಮೊದಲ ದಿನದಿಂದ 280 ದಿನ ಎಣಿಸಿ ತೆಗೆದ ಅಂದಾಜು ಅದು. ಸರಿಯಾಗಿ ಅದೇ ದಿನ ಹುಟ್ಟುವ ಕೂಸುಗಳು ನೂರಕ್ಕೆ ನಾಲ್ಕೈದು. 37ನೇ ವಾರದಿಂದ ಮುಂದೆ ಯಾವ ದಿನವಾದರೂ ಹೊರಡುವ ದಿನವೇ, ಚೀಲ ಅಷ್ಟರೊಳಗೆ ತುಂಬಿರಬೇಕು.

ಬೇನೆ ಬರುವ ಮೊದಲೇ ಓಡಬೇಕಾದ ಸಂದರ್ಭಗಳೂ ಉಂಟು. ಕಡಿಮೆಯಾಗದ ತಲೆನೋವು, ಕಣ್ಣು ಮಂಜಾಗುವುದು, ಮುಖ-ಕೈ ಬಾವು, ಎದೆಗುಂಡಿಯ ಕೆಳಗೆ ನೋವು: ಇವು ರಕ್ತದೊತ್ತಡ ಏರಿದ ಸುಳಿವು. ಈ ತೊಂದರೆ ಚೊಚ್ಚಲ ಬಸಿರಿನಲ್ಲೇ ಹೆಚ್ಚು. ಬಿಟ್ಟರೆ ಫಿಟ್ಸ್ ಬರುತ್ತದೆ, ಅದನ್ನು ಗಾಳಿ-ಧೂಳು ಎಂದು ನಿವಾಳಿಸುತ್ತ ಕೂತರೆ ತಾಯಿಯೂ ಕೂಸೂ ಕೈತಪ್ಪುತ್ತಾರೆ. ಮೆಗ್ನೀಷಿಯಂ ಸಲ್ಫೇಟ್ ಎಂಬ ಅಗ್ಗದ ಔಷಧ ಇಂಥವರಲ್ಲಿ ಫಿಟ್ಸ್ ಬರುವ ಸಾಧ್ಯತೆಯನ್ನು ಅರ್ಧಕ್ಕಿಂತ ಕೆಳಗೆ ಇಳಿಸುತ್ತದೆ ಎಂದು 2002ರಲ್ಲಿ ಪ್ರಕಟವಾದ, 33 ದೇಶಗಳ ಹತ್ತು ಸಾವಿರ ತಾಯಂದಿರ ಮೇಲೆ ನಡೆದ ಮ್ಯಾಗ್‌ಪೈ ಅಧ್ಯಯನ ತೋರಿಸಿದೆ. ರಕ್ತ ಕಾಣುವುದು, ನೀರು ಒಡೆಯುವುದು, ಜ್ವರ, ಕೂಸಿನ ಆಟ ಕಡಿಮೆಯಾದಂತೆ ಅನಿಸುವುದು, ಇವಕ್ಕೂ ಬೆಳಗಾಗುವವರೆಗೆ ಕಾಯುವಂತಿಲ್ಲ.

ಇನ್ನು ತವರಿನ ಮಾತು. ನಮ್ಮ ಜಿಲ್ಲೆಯ ಸೊಸೆಯರಲ್ಲಿ ಎಷ್ಟೋ ಮಂದಿಯ ತವರು ಗಡಿಯಾಚೆ: ಉದಗೀರ್, ನಿಲಂಗಾ, ಜಹೀರಾಬಾದ್, ನಾರಾಯಣಖೇಡ. ಒಂಬತ್ತು ತಿಂಗಳು ಭಾಲ್ಕಿಯಲ್ಲಿ ತೋರಿಸಿಕೊಂಡವಳು ಹೆರಿಗೆಗೆ ಮಾತ್ರ ತನ್ನ ಹಿನ್ನೆಲೆ ಏನೂ ತಿಳಿಯದ ಇನ್ನೊಂದು ರಾಜ್ಯದ ಆಸ್ಪತ್ರೆಯಲ್ಲಿ ಮಲಗುತ್ತಾಳೆ. ತವರಿಗೆ ಹೋಗುವುದು ಬೇಡ ಎನ್ನುವುದಿಲ್ಲ; ಅವ್ವನ ಮಡಿಲಿಗೆ ಸಾಟಿಯಾದ ಔಷಧವಿಲ್ಲ. ಆದರೆ ಕೊನೆಯ ವಾರದಲ್ಲಿ ಬಸ್ಸು ಹತ್ತುವ ಬದಲು ಎಂಟನೇ ತಿಂಗಳ ಹೊತ್ತಿಗೇ ಹೋಗಿ, ಅಲ್ಲಿನ ಆಸ್ಪತ್ರೆಯಲ್ಲಿ ಒಮ್ಮೆಯಾದರೂ ತೋರಿಸಿಕೊಳ್ಳಿ. ಉದಗೀರಿನ ಡಾಕ್ಟರಿಗೆ ಕನ್ನಡದ ತಾಯಿ ಕಾರ್ಡು ಓದಲು ಬಾರದಿರಬಹುದು. ರಕ್ತದ ಗುಂಪು, ಹಿಮೋಗ್ಲೋಬಿನ್, ಬಿಪಿ, ಸ್ಕ್ಯಾನಿಂಗ್ ವರದಿಯ ಸಾರವನ್ನು ನಿಮ್ಮ ಆರೋಗ್ಯ ಸಹಾಯಕಿಯಿಂದ ಇಂಗ್ಲಿಷಿನಲ್ಲೂ ಒಂದು ಹಾಳೆಯಲ್ಲಿ ಬರೆಸಿಕೊಳ್ಳಿ. ಗಡಿ ಹಳ್ಳಿಯಲ್ಲಿ ಮೊಬೈಲು ಪಕ್ಕದ ರಾಜ್ಯದ ಟವರ್ ಹಿಡಿದರೆ 108ರ ಆಂಬುಲೆನ್ಸ್ ಕರೆ ಅಲ್ಲಿಗೇ ಹೋಗಬಹುದು. ಊರು, ತಾಲ್ಲೂಕು, ಜಿಲ್ಲೆ ಎಲ್ಲವನ್ನೂ ಬಿಡಿಸಿ ಹೇಳಲು ಮನೆಯವರೆಲ್ಲರಿಗೂ ಬರಬೇಕು.

ಮಳೆಗಾಲದ ಹೆರಿಗೆಗೆ ಇನ್ನೊಂದು ದಾರಿ ಯೋಚಿಸಿಡಬೇಕು. ಮಾಂಜ್ರಾ ತುಂಬಿ ಹರಿದಾಗ ಭಾಲ್ಕಿ, ಔರಾದ್ ಭಾಗದ ತಗ್ಗಿನ ಸೇತುವೆಗಳ ಮೇಲೆ ನೀರು ಬರುವುದು ಹೊಸ ಸುದ್ದಿಯೇನಲ್ಲ. ನದಿಯಾಚೆಯ ಹಳ್ಳಿಯವರು ದಿನ ಹತ್ತಿರ ಬಂದಾಗ ಈಚೆಯ ನೆಂಟರ ಮನೆಗೆ ಬಂದಿರುವುದೇ ಕ್ಷೇಮ. 108 ಬರುವುದು ತಡವಾದರೆ ಎಂದು ಊರಿನ ಜೀಪು ಅಥವಾ ಆಟೊದವರಿಬ್ಬರ ಫೋನ್ ನಂಬರು ಗೋಡೆಯ ಮೇಲಿರಲಿ. ಸರಕಾರಿ ಆಸ್ಪತ್ರೆಯಲ್ಲಿ ಹೆರಿಗೆ, ಸಿಸೇರಿಯನ್, ಔಷಧ, ರಕ್ತ, ಊಟ, ಹೋಗಿ ಬರುವ ಗಾಡಿ ಎಲ್ಲವೂ 2011ರ ಜನನಿ ಶಿಶು ಸುರಕ್ಷಾ ಕಾರ್ಯಕ್ರಮದಡಿ ಉಚಿತ. ಹಾಗಿದ್ದೂ ಕೈಯಲ್ಲಿ ಒಂದಿಷ್ಟು ರೊಕ್ಕ ಇರಲಿ, ರಕ್ತ ಕೊಡಲು ಇಬ್ಬರು ಸಿದ್ಧರಿರಲಿ.

ಹಾಳೆಯ ಎರಡನೇ ಅರ್ಧ ಹೆರಿಗೆ ಕೋಣೆಯೊಳಗಿನದು. ಇದನ್ನು ಶ್ರೀಮಂತರ ಶೋಕಿ ಎಂದುಕೊಳ್ಳುವವರಿಗೆ ವಿಜ್ಞಾನ ಬೇರೆಯದೇ ಹೇಳುತ್ತದೆ. ಬೇನೆಯನ್ನು ನಡೆಸುವುದು ಮಿದುಳಿನಿಂದ ಒಸರುವ ಆಕ್ಸಿಟೋಸಿನ್. ಕೂಸಿನ ತಲೆ ಗರ್ಭಕಂಠವನ್ನು ಒತ್ತಿದಷ್ಟೂ ಅದು ಹೆಚ್ಚು ಒಸರುತ್ತದೆ, ಒಸರಿದಷ್ಟೂ ಬೇನೆ ಬಲಿಯುತ್ತದೆ. ತಾಯಿ ಹೆದರಿದಾಗ ಉಕ್ಕುವ ಅಡ್ರಿನಲಿನ್ ಈ ಓಟಕ್ಕೆ ಅಡ್ಡಗಾಲು ಹಾಕುತ್ತದೆ. ಗುರುತಿಲ್ಲದ ಕೋಣೆ, ಬೈಗುಳ, ಒಂಟಿತನ ಇವೆಲ್ಲ ದೇಹದ ಒಳಗೆ ರಸಾಯನವಾಗಿ ಕೆಲಸ ಮಾಡುತ್ತವೆ. ಮೊದಲು ಸೂಲಗಿತ್ತಿ ಇಡೀ ರಾತ್ರಿ ಬೆನ್ನು ನೀವುತ್ತ ಪಕ್ಕದಲ್ಲೇ ಕೂತಿರುತ್ತಿದ್ದಳು. ಆಸ್ಪತ್ರೆಗೆ ಬಂದ ಮೇಲೆ ಜೀವಕ್ಕೆ ಭದ್ರತೆ ಸಿಕ್ಕಿತು, ಆ ಕೈ ಮಾತ್ರ ಬಾಗಿಲಾಚೆ ಉಳಿಯಿತು. 17 ದೇಶಗಳ 15 ಸಾವಿರಕ್ಕೂ ಹೆಚ್ಚು ತಾಯಂದಿರ ವಿವರಗಳನ್ನು ಒಟ್ಟುಗೂಡಿಸಿದ 2017ರ ಕಾಕ್ರೇನ್ ವಿಮರ್ಶೆಯಲ್ಲಿ, ಜೊತೆಗೊಬ್ಬರು ಸತತವಾಗಿ ಇದ್ದ ತಾಯಂದಿರಿಗೆ ಸಹಜ ಹೆರಿಗೆ ಹೆಚ್ಚಾಗಿ ಆಯಿತು, ಸಿಸೇರಿಯನ್ ಕಡಿಮೆಯಾಯಿತು, ಬೇನೆಯ ಅವಧಿಯೂ ತುಸು ತಗ್ಗಿತು. ಕೇಂದ್ರ ಆರೋಗ್ಯ ಸಚಿವಾಲಯ 2016ರಲ್ಲೇ ಸರಕಾರಿ ಆಸ್ಪತ್ರೆಗಳಲ್ಲಿ ಹೆರಿಗೆ ಸಂಗಾತಿಗೆ ಅವಕಾಶ ಕೊಟ್ಟಿದೆ. ಹೆತ್ತು ಅನುಭವವಿರುವ, ಅಂಟುರೋಗವಿಲ್ಲದ ಹೆಣ್ಣುಮಗಳು ಜೊತೆಗಿರಬಹುದು. ಅವ್ವನೋ, ಅತ್ತೆಯೋ, ವೈನಿಯೋ ಎಂಬುದನ್ನು ಬಸುರಿಯೇ ಆರಿಸಲಿ.

ಬೇನೆ ತಿನ್ನುವಾಗ ಓಡಾಡುವುದು, ಕೂರುವುದು ಒಳ್ಳೆಯದು. ಮೊದಲ ಹಂತದಲ್ಲಿ ನೆಟ್ಟಗಿದ್ದವರಿಗೆ ಮಲಗಿದವರಿಗಿಂತ ಸರಾಸರಿ ಒಂದು ತಾಸಿಗೂ ಹೆಚ್ಚು ಹೊತ್ತು ಉಳಿಯಿತೆಂದು ಅಧ್ಯಯನಗಳು ತೋರಿಸಿವೆ. ಅಪಾಯವಿಲ್ಲದ ಹೆರಿಗೆಯಲ್ಲಿ ಗಂಜಿ, ನೀರು ಕುಡಿಯಬಹುದು. ಎಲ್ಲರಿಗೂ ವಾಡಿಕೆಯಂತೆ ಯೋನಿದ್ವಾರ ಕೊಯ್ಯುವುದನ್ನೂ ಹೊಟ್ಟೆಯ ಮೇಲೆ ಒತ್ತುವುದನ್ನೂ ವಿಶ್ವ ಆರೋಗ್ಯ ಸಂಸ್ಥೆ 2018ರ ಮಾರ್ಗಸೂಚಿಯಲ್ಲಿ ಬೇಡ ಎಂದಿದೆ. ಹೊಕ್ಕುಳಬಳ್ಳಿ ಕತ್ತರಿಸುವ ಮುನ್ನ ಒಂದು ನಿಮಿಷವಾದರೂ ಕಾದರೆ ಮಾಸಿನಲ್ಲಿದ್ದ ರಕ್ತ, ಅದರ ಜೊತೆಗೆ ತಿಂಗಳುಗಟ್ಟಲೆ ಸಾಲುವ ಕಬ್ಬಿಣ ಕೂಸಿಗೆ ಇಳಿಯುತ್ತದೆ. ಕೂಸನ್ನು ತಾಯಿಯ ಬರಿ ಎದೆಯ ಮೇಲೆ ಮಲಗಿಸಿ, ಒಂದು ತಾಸಿನೊಳಗೆ ಮೊಲೆ ಕೊಡಿಸಬೇಕು. ಜೇನು, ಬೆಲ್ಲದ ನೀರು, ಘುಟ್ಟಿ ಬೇಡ. ಜೇನಿನಲ್ಲಿರಬಹುದಾದ ಬಾಟುಲಿಸಂ ಬ್ಯಾಕ್ಟೀರಿಯ ಹಸುಗೂಸಿಗೆ ವಿಷ.

ಇಷ್ಟನ್ನು ಬರೆಯಲು ದೊಡ್ಡ ಓದು ಬೇಕಿಲ್ಲ. ಮನೆಯಲ್ಲಿ ಆಡುವ ಮಾತಿನಲ್ಲೇ ಬರೆಯಬಹುದು: “ನನ್ನ ರಕ್ತ ಬಿ ಪಾಸಿಟಿವ್. ಹೆರಿಗಿ ಭಾಲ್ಕಿ ದವಾಖಾನ್ಯಾಗ, ತೊಡಕಾದ್ರ ಬೀದರಿಗಿ. ಇವರು ಊರಾಗ ಇಲ್ದಿದ್ರ ಮಾವಶಿ ಹೇಳಿದಂಗ ಹೊರಡೋದು. ಒಳಗ ನನ್ನ ಸಂಗಟ ವೈನಿ ಇರಬೇಕು. ಏನ್ ಮಾಡಿದ್ರೂ ಮೊದಲು ನನಗ ಹೇಳಿ ಮಾಡ್ರಿ.” ಕೊನೆಯ ಸಾಲನ್ನು ಯಾವ ತಾಯಿಯೂ ಬಿಡಬಾರದು. ಹೆರಿಗೆ ಅಂದುಕೊಂಡ ಹಾದಿಯಲ್ಲೇ ಸಾಗದಿರಬಹುದು, ವೈದ್ಯರು ಯೋಜನೆ ಬದಲಿಸಬೇಕಾಗಿ ಬರಬಹುದು. ಆಗಲೂ ಆ ಸಾಲು ಹಾಗೇ ಉಳಿಯುತ್ತದೆ.

ಪ್ರತಿ ತಿಂಗಳು 9ನೇ ತಾರೀಖು ಪ್ರಧಾನಮಂತ್ರಿ ಸುರಕ್ಷಿತ ಮಾತೃತ್ವ ಅಭಿಯಾನದ ದಿನ. ನಾಲ್ಕು ತಿಂಗಳು ತುಂಬಿದ ಬಸುರಿಯರನ್ನು ಸರಕಾರಿ ಆಸ್ಪತ್ರೆಗಳಲ್ಲಿ ವೈದ್ಯರು ಉಚಿತವಾಗಿ ತಪಾಸಣೆ ಮಾಡುತ್ತಾರೆ. ನಿಮ್ಮ ಮನೆಯಲ್ಲಿ ಚೊಚ್ಚಲ ಬಸುರಿಯಿದ್ದರೆ ಬರುವ 9ರೊಳಗೆ ಈ ಹಾಳೆ ಬರೆಸಿ, ತಾಯಿ ಕಾರ್ಡಿನೊಳಗಿಟ್ಟು ಕಳಿಸಿ. ಡಾಕ್ಟರು ಅದನ್ನು ಓದುವವರೆಗೆ ಆಕೆ ಕುರ್ಚಿಯಿಂದ ಏಳದಿರಲಿ.